ಮೂವರ ಮೇಳದಲ್ಲಿ ರುದ್ರೇಶ್ ಮಹಾಂತಪ್ಪ

ಜಾಝ್ ಸಂಗೀತದಲ್ಲಿ ಸಣ್ಣ ಮೇಳವೆಂದರೆ ಮೂವರು, ನಾಲ್ವರು, ಹೆಚ್ಚೆಂದರೆ ಐದಾರು ವಾದಕರ ಕೂಟ. ಹಾಡಿನ ಮೂಲ ಮಟ್ಟನ್ನು ಮೊದಲು ನುಡಿಸಿ, ಬಳಿಕ ಅದರ ಚೌಕಟ್ಟಿನೊಳಗೇ ಒಬ್ಬೊಬ್ಬರೂ ತಮ್ಮ ಮನೋಧರ್ಮದಂತೆ ವಿಸ್ತರಿಸುವಾಗ ಉಳಿದವರು ಕಿವಿಗೊಟ್ಟು ಆಸರೆಯಾಗುತ್ತಾರೆ. ನಮ್ಮಲ್ಲಿ ಹಲವರಿಗೆ ಊದುವಾದ್ಯಗಳ ಪರಿಚಯವಿರುವುದು ಹೆಚ್ಚಾಗಿ ಮದುವೆ ದಿಬ್ಬಣದ ಬ್ಯಾಂಡಿನಿಂದ. ಅಲ್ಲಿ ಒಬ್ಬನ ತಪ್ಪು ಹಲವರ ನಾದದಲ್ಲಿ ಮುಚ್ಚಿಹೋಗುತ್ತದೆ, ಮೂವರ ಮೇಳದಲ್ಲಿ ಅದಕ್ಕೆ ಎಡೆಯಿಲ್ಲ.

ಇಂಥ ಮೇಳವನ್ನು 2020ರಲ್ಲಿ ‘ಹೀರೋ ಟ್ರಿಯೊ’ ಎಂಬ ಧ್ವನಿಮುದ್ರಿಕೆಗೆ ಆರಿಸಿಕೊಂಡವರು ರುದ್ರೇಶ್ ಮಹಾಂತಪ್ಪ. ಕನ್ನಡ ಮನೆತನದ ಈ ಆಲ್ಟೊ ಸ್ಯಾಕ್ಸೋಫೋನ್ ವಾದಕರು 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದು, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತವರು. 2004ರ ‘ಮದರ್ ಟಂಗ್’ ಮುದ್ರಿಕೆಯಲ್ಲಿ ಭಾರತೀಯ ಭಾಷೆಗಳ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿದ ಅವರು ಅದರ ಒಂದು ರಚನೆಗೆ ‘ಕನ್ನಡ’ ಎಂದೇ ಹೆಸರಿಟ್ಟರು.

ಈ ದಾರಿಗೆ ಕರ್ನಾಟಕ ಸಂಗೀತದ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರ ಪ್ರಭಾವವೂ ಕೂಡಿದೆ. ಬಂಟ್ವಾಳದ ಸಜಿಪಮೂಡದ ನಾಗಸ್ವರ ವಾದಕರ ಮನೆಯಲ್ಲಿ 1949ರಲ್ಲಿ ಹುಟ್ಟಿದ ಕದ್ರಿಯವರು ಕೈಗೆತ್ತಿಕೊಂಡದ್ದು ಸ್ಯಾಕ್ಸೋಫೋನನ್ನು. ಅದರ ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಗಿಡುವ ತುದಿಗೆ ಬಿಗಿದ ತೆಳುಪಟ್ಟಿಯ ಕಂಪನದಿಂದ. ಒಂದೊಂದು ಸ್ವರಕ್ಕೂ ಗೊತ್ತಾದ ಕೀಲಿಗಳಿರುವುದರಿಂದ, ಸ್ವರದಿಂದ ಸ್ವರಕ್ಕೆ ಜಾರುತ್ತ ತೂಗಬೇಕಾದ ಗಮಕ ಅದಕ್ಕೆ ಸುಲಭವಾಗಿ ಒಗ್ಗುವಂಥದಲ್ಲ. ಕದ್ರಿಯವರು ವಾದ್ಯದಲ್ಲಿ ಮಾರ್ಪಾಟು ಮಾಡಿಸಿ, ತುಟಿಯ ಒತ್ತಡವನ್ನೂ ಉಸಿರನ್ನೂ ಹದಗೊಳಿಸಿ ಅದನ್ನು ಸಾಧಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆಗೂ ನುಡಿಸಿದರು. ಮಹಾಂತಪ್ಪನವರೊಡನೆ ಅವರು ನುಡಿಸಿದ ‘ಕಿನ್ಸ್‌ಮನ್’ (2008) ಮುದ್ರಿಕೆಯದು ಏಳು ಜನರ ಮೇಳ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಅಲ್ಲಿ ಗಿಟಾರು, ಡ್ರಮ್ಮುಗಳೊಡನೆ ಬೆರೆತಿವೆ.

‘ಹೀರೋ ಟ್ರಿಯೊ’ದಲ್ಲಿ ಸ್ಯಾಕ್ಸೋಫೋನಿನ ಜೊತೆಗಿರುವುದು ಫ್ರಾನ್ಸ್ವಾ ಮುತೀನರ ಬಾಸ್, ಅಂದರೆ ನಿಲ್ಲಿಸಿಕೊಂಡು ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ, ಮತ್ತು ರೂಡಿ ರಾಯ್‌ಸ್ಟನ್ನರ ಡ್ರಮ್ಮು ಮಾತ್ರ. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ಮಟ್ಟಿಗೆ ಹಾಸು ಹಾಕುವ ಪಿಯಾನೊ ಆಗಲಿ ಗಿಟಾರು ಆಗಲಿ ಇಲ್ಲದ ಕಾರಣ, ಹಾಡು ಎಲ್ಲಿಂದ ಎಲ್ಲಿಗೆ ಹೊರಳಿತೆಂಬುದನ್ನು ಒಂದೊಂದೇ ಸ್ವರದ ನಡಿಗೆಯಿಂದ ತೋರಿಸಬೇಕಾದ ಹೊಣೆ ಸ್ಯಾಕ್ಸೋಫೋನಿನದೂ ಬಾಸಿನದೂ ಆಗುತ್ತದೆ. ಸ್ವಂತ ರಚನೆಗಳನ್ನು ಬದಿಗಿಟ್ಟು ತಮ್ಮ ಆರಾಧ್ಯರ ಹಾಡುಗಳನ್ನೇ ಮಹಾಂತಪ್ಪನವರು ಆಯ್ದುಕೊಂಡಿರುವುದು ಈ ಮುದ್ರಿಕೆಯ ಇನ್ನೊಂದು ವಿಶೇಷ. ಜಾಝ್ ಸ್ಯಾಕ್ಸೋಫೋನ್ ವಾದಕರಾದ ಚಾರ್ಲಿ ಪಾರ್ಕರರ ‘ಬಾರ್ಬೇಡೋಸ್’ ಅನ್ನು ಜಾನ್ ಕೋಲ್ಟ್ರೇನರ ‘26-2’ರೊಡನೆ ಹೆಣೆದಿರುವ ರಚನೆಯಲ್ಲಿ ಈ ಹೊಣೆ ಎಷ್ಟು ಭಾರವೆಂಬುದು ಎದ್ದು ಕೇಳಿಸುತ್ತದೆ, ಏಕೆಂದರೆ ಪಾರ್ಕರರದೇ ‘ಕನ್ಫರ್ಮೇಶನ್’ ಹಾಡಿನ ಆಧಾರಸ್ವರಗಳನ್ನು ಬದಲಿಸಿ ಕೋಲ್ಟ್ರೇನರು ಕಟ್ಟಿದ ‘26-2’ ಹೆಜ್ಜೆಹೆಜ್ಜೆಗೂ ನೆಲೆ ಬದಲಿಸುವ ಕಠಿಣ ಕೃತಿ. ಸ್ಟೀವಿ ವಂಡರರ ‘ಓವರ್‌ಜಾಯ್ಡ್’ ಕೂಡ ಈ ಮುದ್ರಿಕೆಯಲ್ಲಿದೆ.

ಹೊಸಬರು ಮೊದಲು ‘ಕಿನ್ಸ್‌ಮನ್’ ಕೇಳಿ ಎರಡು ಸ್ಯಾಕ್ಸೋಫೋನುಗಳ ನಡೆಯನ್ನು ಕಿವಿಯಲ್ಲಿ ಬೇರ್ಪಡಿಸಿಕೊಂಡು, ಆಮೇಲೆ ‘ಹೀರೋ ಟ್ರಿಯೊ’ಗೆ ಬರುವುದು ಒಳ್ಳೆಯದು, ಕರ್ನಾಟಕ ಸಂಗೀತ ಬಲ್ಲವರಿಗೆ ಜಾಝ್‌ನೊಳಗೆ ಹೋಗಲು ಇದಕ್ಕಿಂತ ಹತ್ತಿರದ ಬಾಗಿಲು ಅಪರೂಪ.