ಒಂದು ಪಾಶ್ಚಾತ್ಯ ಗೀತಮಾಲಿಕೆಯ ಭಾವಯಾತ್ರೆ



ದೊಡ್ಡಬಳ್ಳಾಪುರದಲ್ಲಿ ಬಾಳಿದವರಿಗೆ ಸದ್ದು ಹೊಸದಲ್ಲ. ಅದು ವಿದ್ಯುತ್ ಮಗ್ಗಗಳ ಊರು. ಹೊರಗಿನಿಂದ ಬಂದ ನೆಂಟರು ಮೊದಲ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾರೆ. ನಾವಾದರೋ ಕರೆಂಟು ಹೋಗಿ ಮಗ್ಗ ನಿಂತಾಗ ಎಚ್ಚರಗೊಳ್ಳುತ್ತೇವೆ. ಗಮನವಿಟ್ಟು ಕೇಳಿದರೆ ಅಕ್ಕಪಕ್ಕದ ಎರಡು ಮಗ್ಗಗಳು ಒಂದೇ ಲಯದಲ್ಲಿ ಓಡುವುದಿಲ್ಲವೆಂಬುದು ತಿಳಿಯುತ್ತದೆ. ಒಂದರ ಪೆಟ್ಟು ಕೊಂಚ ಮುಂದೆ, ಇನ್ನೊಂದರದು ಕೊಂಚ ಹಿಂದೆ. ಯಾವುದೋ ಒಂದು ಗಳಿಗೆಯಲ್ಲಿ ಎರಡೂ ಪೆಟ್ಟು ಒಟ್ಟಿಗೆ ಬಿದ್ದು ಮತ್ತೆ ಬೇರೆಯಾಗುತ್ತವೆ. ಹುಡುಗನಾಗಿದ್ದಾಗ ಕತ್ತಲಲ್ಲಿ ಮಲಗಿಕೊಂಡು ಆ ಗಳಿಗೆಗಾಗಿ ಕಾಯುತ್ತಿದ್ದುದುಂಟು. ಆ ಅಭ್ಯಾಸ ಈ ಇಳಿವಯಸ್ಸಿನಲ್ಲಿ ನನ್ನ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನನ್ನ ಮಗಳ ಮಗ ಪಿಯುಸಿ ಓದುತ್ತಿರುವ ಹುಡುಗ. ಅವನ ಅಜ್ಜಿ ತೀರಿಕೊಂಡ ಮೇಲೆ ಅವನು ಮಾತು ಕಡಿಮೆ ಮಾಡಿದ. ರಾತ್ರಿಯೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಹತ್ತಿರ ಹೋದರೆ ಅದರೊಳಗಿಂದ ತಗಡು ಬಡಿದಂಥ ಸದ್ದು ಸಣ್ಣಗೆ ಕೇಳುತ್ತಿತ್ತು. ಅದನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂದು ಮನೆಯ ಹಿರಿಯರೊಬ್ಬರು ಸಲಹೆಯಿತ್ತರು. ಮೂವತ್ತು ವರ್ಷ ಪಾಠ ಹೇಳಿದವನಿಗೆ, ಓದದೆ ಪುಸ್ತಕವನ್ನು ತೆಗಳಬಾರದೆಂಬಷ್ಟು ವಿವೇಕವಾದರೂ ಇರಬೇಕಲ್ಲವೆ? ಒಂದು ರಾತ್ರಿ ಅವನ ಪಕ್ಕ ಕೂತು ಕೇಳಿದೆ: “ಏನೋ ಅದು, ಅಷ್ಟೊಂದು ಗಲಾಟೆ?”

“ಗಲಾಟೆ ಅಲ್ಲ ತಾತ, ಕಥೆ” ಎಂದ.

ಆ ಕಥೆಯ ವಿಚಾರವನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದು ಹೊರಟಿದ್ದೇನೆ.

ಮೊದಲು ಈ ಸಂಗೀತದ ಕುಲಗೋತ್ರವನ್ನು ತಿಳಿಯಬೇಕು. ಇದನ್ನು ‘ಪ್ರೊಗ್ರೆಸಿವ್ ಮೆಟಲ್’ ಎಂದು ಕರೆಯುತ್ತಾರೆ. ಇದರ ತಾಯಿಬೇರಾದ ‘ಹೆವಿ ಮೆಟಲ್’ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ನಗರದಲ್ಲಿ ರೂಪುಗೊಂಡಿತು. 1970ರಲ್ಲಿ ಮೊದಲ ಧ್ವನಿಮುದ್ರಿಕೆ ತಂದ ‘ಬ್ಲ್ಯಾಕ್ ಸಬ್ಬತ್’ ತಂಡದ ಗಿಟಾರ್ ವಾದಕ ಟೋನಿ ಅಯೋಮಿ, ಹದಿನೇಳರ ಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸಲು ಕಲಿತ. ಮುಂದೆ ನೋವು ತಗ್ಗಲೆಂದು ತಂತಿಗಳನ್ನು ಸಡಿಲಿಸಿದಾಗ ಧ್ವನಿ ಕೆಳಗಿಳಿಯಿತು, ಭಾರವಾಯಿತು. ಆ ಭಾರವೇ ಈ ಪ್ರಕಾರದ ಗುರುತಾಯಿತು. ಮಗ್ಗದ ಮನೆಗಳ ನಡುವೆ ಬಾಳಿದ ನನಗೆ ಈ ಸಂಗತಿ ತಿಳಿದ ದಿನದಿಂದ ಆ ಸದ್ದಿನ ಮೇಲಿದ್ದ ಮುನಿಸು ಅರ್ಧಕ್ಕರ್ಧ ಇಳಿಯಿತು. ಯಂತ್ರದಿಂದ ಪೆಟ್ಟು ತಿಂದವನು ಯಂತ್ರದ ದನಿಯಲ್ಲೇ ಹಾಡಿದನೆಂದರೆ ಅದರಲ್ಲಿ ಸೋಜಿಗವೇನಿದೆ?

‘ಪ್ರೊಗ್ರೆಸಿವ್’ ಎಂಬ ವಿಶೇಷಣದ ಅರ್ಥ ಬೇರೆ. ಮೂರು ನಾಲ್ಕು ನಿಮಿಷಗಳ ಹಾಡಿನ ಚೌಕಟ್ಟನ್ನು ಒಡೆದು, ತಾಳಗಳನ್ನು ಪದೇ ಪದೇ ಬದಲಿಸುತ್ತ, ದೀರ್ಘವಾದ ರಚನೆಗಳನ್ನು ಕಟ್ಟುವುದು ಇದರ ರೀತಿ. ಇದಕ್ಕೆ ಸೇರಿಕೊಂಡದ್ದು ‘ಕಾನ್ಸೆಪ್ಟ್ ಆಲ್ಬಂ’ ಎಂಬ ಕಲ್ಪನೆ. ಬಿಡಿ ಹಾಡುಗಳ ಸಂಕಲನವಲ್ಲ. ಒಂದೇ ವಸ್ತುವಿನ ಸುತ್ತ ಹೆಣೆದ ಗೀತಮಾಲಿಕೆ. ಹಾಗೆಂದು ಇದು ತೀರ ನವೀನವೂ ಅಲ್ಲ. ಜರ್ಮನ್ ಕವಿ ವಿಲ್ಹೆಲ್ಮ್ ಮ್ಯುಲರನ ಇಪ್ಪತ್ತನಾಲ್ಕು ಕವನಗಳಿಗೆ ಶೂಬರ್ಟ್ 1827ರಲ್ಲಿ ಸ್ವರ ಹಾಕಿ, ಪ್ರೇಮಭಗ್ನನೊಬ್ಬನ ಚಳಿಗಾಲದ ಅಲೆದಾಟವನ್ನು ಹಾಡಾಗಿಸಿದ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ಇಡೀ ರಾತ್ರಿ ಆಡುವ ‘ಕುರುಕ್ಷೇತ್ರ’ ನಾಟಕವನ್ನು ನೆನೆಯಿರಿ. ಅಲ್ಲಿಯೂ ಕಥೆ ಎಲ್ಲರಿಗೂ ಗೊತ್ತು. ಜನ ಬೆಳಗಿನ ಜಾವದವರೆಗೆ ಕೂರುವುದು ಹಾಡಿನಿಂದ ಹಾಡಿಗೆ ಸಾಗುವ ಭಾವಕ್ಕಾಗಿ.

ಮೊಮ್ಮಗ ಕೇಳುತ್ತಿದ್ದುದು ಅಮೆರಿಕದ ‘ಡ್ರೀಮ್ ಥಿಯೇಟರ್’ ಎಂಬ ತಂಡ 1999ರಲ್ಲಿ ಹೊರತಂದ ‘ಸೀನ್ಸ್ ಫ್ರಮ್ ಎ ಮೆಮೊರಿ’. ‘ಒಂದು ನೆನಪಿನ ದೃಶ್ಯಗಳು’ ಎಂದು ಕನ್ನಡಿಸಬಹುದು. 1985ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ತಂಡವಿದು. ಕೃತಿಗೆ ಎರಡು ಅಂಕ, ಒಂಬತ್ತು ದೃಶ್ಯ. ಒಟ್ಟು ಸುಮಾರು ಎಪ್ಪತ್ತೇಳು ನಿಮಿಷ. ನಾಟಕದ ಪರಿಭಾಷೆಯನ್ನು ಅವರೇ ಬಳಸಿದ್ದಾರೆ.

ಕಥೆ ಹೀಗಿದೆ. ನಿಕೊಲಸ್ ಎಂಬಾತನಿಗೆ ಕಂಡರಿಯದ ಹೆಣ್ಣೊಬ್ಬಳ ಕನಸುಗಳು ಬೀಳುತ್ತವೆ. ಅವನು ಸಂಮೋಹನ ಚಿಕಿತ್ಸೆ ನೀಡುವ ವೈದ್ಯನ ಬಳಿಗೆ ಹೋಗುತ್ತಾನೆ. ಕೃತಿ ತೆರೆದುಕೊಳ್ಳುವುದೇ ಗಡಿಯಾರದ ಟಿಕ್ ಟಿಕ್ ಸದ್ದಿನಿಂದ ಮತ್ತು ಅವನನ್ನು ಮೆಲ್ಲನೆ ನಿದ್ದೆಗೆ ಇಳಿಸುವ ವೈದ್ಯನ ದನಿಯಿಂದ. ಆ ನಿದ್ದೆಯಲ್ಲಿ 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ಎಂಬ ತರುಣಿ ಕಾಣಿಸುತ್ತಾಳೆ. ತನ್ನ ಹಿಂದಿನ ಜನ್ಮವೇ ಅವಳೆಂದು ನಿಕೊಲಸನಿಗೆ ಅರಿವಾಗುತ್ತದೆ. ಅವಳನ್ನು ಪ್ರೇಮಿಸಿದವರು ಜೂಲಿಯನ್, ಎಡ್ವರ್ಡ್ ಎಂಬ ಸಹೋದರರು. ದುಶ್ಚಟಗಳಿಗೆ ಬಿದ್ದ ಜೂಲಿಯನ್ ಅವಳನ್ನು ಕೊಂದು ತಾನೂ ಸತ್ತನೆಂದು ಅಂದಿನ ಪತ್ರಿಕೆಯ ವರದಿ. ಅದು ಸುಳ್ಳು. ಕೊಂದವನು ಎಡ್ವರ್ಡ್. ವಿಕ್ಟೋರಿಯಾ ಮರಳಿ ಜೂಲಿಯನನ ಕಡೆಗೆ ತಿರುಗಿದ್ದನ್ನು ಸಹಿಸದೆ ಇಬ್ಬರನ್ನೂ ಕೊಂದು, ತಾನೇ ಪ್ರತ್ಯಕ್ಷ ಸಾಕ್ಷಿಯೆಂದು ನಿಂತು ಜಗತ್ತನ್ನು ನಂಬಿಸಿದವನು.

ಕಥೆ ಇಷ್ಟೇ ಆಗಿದ್ದರೆ ಒಂದು ಪತ್ತೇದಾರಿ ಕಾದಂಬರಿಯಾಗುತ್ತಿತ್ತು. ಕೃತಿಯ ಸತ್ವವಿರುವುದು ಭಾವದ ನಡಿಗೆಯಲ್ಲಿ. ಮೊದಲ ದೃಶ್ಯಗಳಲ್ಲಿ ವಿಸ್ಮಯ: ಈ ಹೆಣ್ಣು ಯಾರು, ನನಗೇಕೆ ಕಾಣುತ್ತಾಳೆ? ನಾಲ್ಕನೆಯ ದೃಶ್ಯದಲ್ಲಿ ಪತ್ರಿಕೆಯ ವರದಿ ಬರುವಾಗ ವಾದ್ಯಗಳು ಆವೇಗದಿಂದ ಒಂದರ ಮೇಲೊಂದು ಮುಗಿಬೀಳುತ್ತವೆ. ವರದಿ ಸುಳ್ಳೆಂದು ಮೊದಲ ಬಾರಿಗೆ ಕೇಳುವವನಿಗೆ ಗೊತ್ತಿರುವುದಿಲ್ಲ. ಆದರೆ ಆ ಅತಿವೇಗ ನೆಮ್ಮದಿಗೆಡಿಸುತ್ತದೆ. ಐದನೆಯ ದೃಶ್ಯದಲ್ಲಿ ಎಲ್ಲ ಗದ್ದಲವೂ ಅಡಗಿ, ಥೆರೇಸಾ ಥಾಮಸನ್ ಎಂಬ ಗಾಯಕಿಯ ಕಂಠ ಮೇಲೇಳುತ್ತದೆ. ನಿಕೊಲಸ್ ವಿಕ್ಟೋರಿಯಾಳ ಸಮಾಧಿಯ ಮುಂದೆ ನಿಂತಿದ್ದಾನೆ. ತನ್ನದೇ ಸಾವಿಗೆ ತಾನೇ ಅಳುವ ವಿಚಿತ್ರ ಸನ್ನಿವೇಶವಿದು. ಮೊದಲ ಅಂಕ ಈ ಕರುಣದಲ್ಲಿ ಮುಗಿಯುತ್ತದೆ.

ಎರಡನೆಯ ಅಂಕದಲ್ಲಿ ಕಾಮ, ಮತ್ಸರ, ವ್ಯಸನಗಳ ಕತ್ತಲು. ಇಲ್ಲಿ ಮಾತೇ ಇಲ್ಲದ ವಾದ್ಯಭಾಗವೊಂದಿದೆ. ಆರು ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಬಾರಿ ತಾಳ ಬದಲಾಗುತ್ತದೆಂದು ಎಣಿಸಿದವರು ಹೇಳುತ್ತಾರೆ. ನಾನು ಎಣಿಸಲು ಹೋಗಲಿಲ್ಲ. ಎರಡು ಮಗ್ಗಗಳ ಪೆಟ್ಟು ಒಂದಾಗುವ ಗಳಿಗೆಗಾಗಿ ಕಾದಂತೆ ಕಾದೆ. ಅದು ಅಲ್ಲಲ್ಲಿ ಬಂತು, ತಪ್ಪಿಹೋಯಿತು, ಮತ್ತೆ ಬಂತು. ಮನಸ್ಸು ನೆಲೆ ತಪ್ಪಿದಾಗ ಹೀಗೆಯೇ ಅಲ್ಲವೆ? ದುಃಖದಲ್ಲಿರುವವನಿಗೆ ಆದಿತಾಳದ ಸಮಗತಿ ಎಲ್ಲಿಂದ ಬರಬೇಕು! ಸದ್ದೆಂದು ನಾವು ಕರೆದದ್ದು ಹುಡುಗನ ಒಳಗಿನ ಲಯವೇ ಆಗಿತ್ತೆಂದು ನನಗೆ ಹೊಳೆದದ್ದು ಅಲ್ಲಿ.

ಎಂಟನೆಯ ದೃಶ್ಯದಲ್ಲಿ ಶಾಂತ. ದೇಹ ಅಳಿದರೂ ಚೇತನ ಮುಂದೆ ಸಾಗುತ್ತದೆಂಬ ಭರವಸೆ ನಿಕೊಲಸನಿಗೆ ಬರುತ್ತದೆ. ಸಾವಿನ ಭಯ ಬಿಡುತ್ತದೆ. ಚರ್ಚಿನ ವೃಂದಗಾನದಂತೆ ಹಲವು ಕಂಠಗಳು ಕೂಡಿಕೊಳ್ಳುತ್ತವೆ. ಮೊಮ್ಮಗ ಆ ಭಾಗ ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ.

ನಮ್ಮ ಲಾಕ್ಷಣಿಕರ ಪ್ರಕಾರ ಕೃತಿ ಇಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯುವುದಿಲ್ಲ. ಒಂಬತ್ತನೆಯ ದೃಶ್ಯದಲ್ಲಿ ವೈದ್ಯ ನಿಕೊಲಸನನ್ನು ನಿದ್ದೆಯಿಂದ ಎಬ್ಬಿಸಿ ಕಳುಹಿಸುತ್ತಾನೆ. ಆಮೇಲೆ ಆ ಹಳೆಯ ಕೊಲೆಯ ನಿಜರೂಪ ನಮ್ಮ ಕಿವಿಗೆ ಬೀಳುತ್ತದೆ. ನಿಕೊಲಸ್ ನೆಮ್ಮದಿಯಿಂದ ಮನೆ ಸೇರುತ್ತಾನೆ. ದೂರದರ್ಶನದ ವಾರ್ತೆ, ಗ್ರಾಮಫೋನಿನ ತಟ್ಟೆ. ಬೆನ್ನ ಹಿಂದೆಯೇ ಒಂದು ಕಾರು ಬಂದು ನಿಲ್ಲುತ್ತದೆ. 1928ರಲ್ಲಿ ಕೊಲೆಗಾರ ಆಡಿದ್ದ ಮಾತೇ ಈಗ ವೈದ್ಯನ ಬಾಯಿಂದ ಬರುತ್ತದೆ. ಒಂದು ಚೀತ್ಕಾರ, ಬಳಿಕ ನಿಲಯ ಸಿಗದ ರೇಡಿಯೋದಂಥ ಬರಿಯ ಗೊರಗೊರ ಸದ್ದು. ಪೂರ್ವಜನ್ಮದ ಎಡ್ವರ್ಡನೇ ಈ ಜನ್ಮದ ವೈದ್ಯನೆಂಬುದನ್ನು ಹಾಡು ನೇರವಾಗಿ ಹೇಳುವುದಿಲ್ಲ. ಅದು ವಾಚ್ಯವಲ್ಲ, ಧ್ವನಿ. ಆನಂದವರ್ಧನನ ಶಿಷ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಡದ 2002ರ ಮುಂದಿನ ಕೃತಿ ಅದೇ ಗೊರಗೊರ ಸದ್ದಿನಿಂದಲೇ ಆರಂಭವಾಗುತ್ತದೆ.

ಇದನ್ನು ಕೇಳಿ ಮುಗಿಸಿದಾಗ ನನಗೆ ನೆನಪಾದದ್ದು ಪಶ್ಚಿಮದ ಯಾವ ಕೃತಿಯೂ ಅಲ್ಲ, ನಮ್ಮ ಜನ್ನ. ಹೊಯ್ಸಳರ ಆಸ್ಥಾನದ ಆ ಕವಿಚಕ್ರವರ್ತಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ತಮಗೆ ತಿಳಿದಿದೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕಕ್ಕೆ ಆರಿಸಿಕೊಂಡದ್ದೂ ಇದೇ ವಸ್ತುವನ್ನು. ಇರುಳಿನಲ್ಲಿ ಮಾವುತನ ಹಾಡು ಕೇಳಿ ರಾಣಿ ಅಮೃತಮತಿ ಮನಸೋಲುತ್ತಾಳೆ. ಕಂಡು ಕಂಗೆಟ್ಟ ಯಶೋಧರ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಾಣಿ ತಾಯಿಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಸಂಕಲ್ಪದಲ್ಲಿ ಮಾಡಿದ ಆ ಒಂದು ಹಿಂಸೆಗಾಗಿ ನವಿಲು, ನಾಯಿ ಮೊದಲಾದ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಅವರು ಹುಟ್ಟುತ್ತಾರೆ.

ಈ ಕಥೆಯನ್ನು ಯಾರು, ಯಾರಿಗೆ, ಎಲ್ಲಿ ಹೇಳುತ್ತಾರೆಂಬುದನ್ನು ಗಮನಿಸಿ. ಮಾರಿಯ ಗುಡಿಯಲ್ಲಿ, ಆ ಇಬ್ಬರು ಎಳೆಯರನ್ನು ಬಲಿಕೊಡಲು ಸಿದ್ಧನಾಗಿ ನಿಂತ ಮಾರಿದತ್ತನೆಂಬ ಅರಸನಿಗೆ ಅಭಯರುಚಿ ತನ್ನ ಜನ್ಮಾಂತರಗಳನ್ನು ಹೇಳುತ್ತಾನೆ. ಕೊಲ್ಲಲಿರುವವನ ಮುಂದೆಯೇ ನೆನಪು ಬಿಚ್ಚಿಕೊಳ್ಳುತ್ತದೆ. ಕೇಳುತ್ತ ಕೇಳುತ್ತ ಮಾರಿದತ್ತ ಕರಗುತ್ತಾನೆ, ಹಿಂಸೆಯನ್ನು ತೊರೆಯುತ್ತಾನೆ.

ಡ್ರೀಮ್ ಥಿಯೇಟರಿನ ಕಥೆಯಲ್ಲಿಯೂ ಸನ್ನಿವೇಶ ಇದೇ. ಹಿಂದಿನ ಜನ್ಮವನ್ನು ನೆನೆದವನೊಬ್ಬ, ಅದನ್ನು ಕೇಳುತ್ತ ಕೂತ ಕೊಲೆಗಾರನೊಬ್ಬ. ಆದರೆ ಇಲ್ಲಿ ಕೇಳಿದವನು ಕರಗುವುದಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಹಳೆಯ ಕೃತ್ಯವನ್ನೇ ಮತ್ತೆ ಮಾಡುತ್ತಾನೆ. ಹೇಳಿದವನಿಗೆ ಬಿಡುಗಡೆಯ ಭಾವ ಬಂದಿದ್ದರೂ ಚಕ್ರ ನಿಲ್ಲುವುದಿಲ್ಲ. ಜನ್ನನಲ್ಲಿ ಚಕ್ರ ನಿಂತದ್ದು ಅಭಯರುಚಿ ಹೇಳಿದ್ದರಿಂದ ಮಾತ್ರವಲ್ಲ, ಮಾರಿದತ್ತ ಕೇಳಿದ್ದರಿಂದ. ಎರಡು ಕೃತಿಗಳ ನಡುವೆ ಎಂಟು ಶತಮಾನಗಳ, ಎರಡು ಧರ್ಮಗಳ ಅಂತರವಿದೆ. ಒಂದು ಇನ್ನೊಂದರ ನೆರಳೆಂದು ನಾನು ವಾದಿಸುತ್ತಿಲ್ಲ. ನೆನಪಿನ ಕಥೆಗೆ ಮುಕ್ತಾಯವನ್ನು ಕೊಡುವವನು ಹೇಳುವವನಲ್ಲ, ಕೇಳುವವನು ಎಂಬ ಮಾತನ್ನು ಎರಡೂ ಎರಡು ದಿಕ್ಕಿನಿಂದ ಹೇಳುತ್ತಿವೆಯೆಂದು ನನಗೆ ತೋರುತ್ತದೆ.

ಈ ಸಂಗೀತ ನಮ್ಮ ನಾಡಿಗೆ ಪರಕೀಯವೆಂದು ಬದಿಗಿಡುವ ಕಾಲ ಕಳೆದಿದೆ. 2007ರ ಮಾರ್ಚ್‌ನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರ್‌ನಲ್ಲಿ ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿ ಸಾಗರದಂತೆ ನೆರೆದವರು ನಮ್ಮ ಮಕ್ಕಳೇ. ಅವರು ಏನನ್ನು ಕೇಳುತ್ತಿದ್ದಾರೆಂದು ನಾವು ವಿಚಾರಿಸಲಿಲ್ಲ, ಅಷ್ಟೆ.

ನನ್ನ ಮನೆಯ ಮಾತನ್ನು ಇಲ್ಲಿಗೆ ಮುಗಿಸಬೇಕು. ಹುಡುಗನ ಅಜ್ಜಿ ತೀರಿಕೊಂಡಾಗ ಅವನಿಗೆ ಪರೀಕ್ಷೆ ನಡೆಯುತ್ತಿತ್ತು. ಸುದ್ದಿಯನ್ನು ಅವನಿಂದ ಮುಚ್ಚಿಟ್ಟೆವು. “ಹುಷಾರಾಗಿದ್ದಾರೆ, ಚೆನ್ನಾಗಿ ಬರೆದು ಬಾ” ಎಂದು ಫೋನಿನಲ್ಲಿ ಹೇಳಿದವನು ನಾನೇ. ಅವನು ಊರಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಾವಿನ ಬಗ್ಗೆ ಸುಳ್ಳು ವರದಿ ಕೊಟ್ಟ ಎಡ್ವರ್ಡನನ್ನು ಕೇಳುವಾಗ ಹುಡುಗನಿಗೆ ಏನನಿಸುತ್ತಿತ್ತೋ, ಅವನು ಹೇಳಲಿಲ್ಲ. ನನಗೇನನಿಸಿತೆಂದು ನಾನು ಬಲ್ಲೆ.

ಆ ರಾತ್ರಿ ಕೊನೆಯ ಗೊರಗೊರ ಸದ್ದೂ ನಿಂತ ಮೇಲೆ ಅವನು ಕೇಳಿದ: “ಅಜ್ಜಿ ನನ್ನನ್ನ ಕೇಳಿದ್ರಾ ತಾತ?”

ಕೇಳಿದ್ದಳು, ಎರಡು ಸಲ. ಪರೀಕ್ಷೆಯ ನೆಪ ಹೇಳಿ ಅವಳನ್ನೂ ಸುಮ್ಮನಾಗಿಸಿದ್ದೆ. ಅದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಸಿಟ್ಟು ಮಾಡಿಕೊಳ್ಳುವ ಹಕ್ಕು ಅವನಿಗಿತ್ತು. ಆಮೇಲೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, “ಅಜ್ಜಿ ಇನ್ನೇನಂದ್ರು, ಹೇಳಿ” ಎಂದ. ಬೀದಿಯಲ್ಲಿ ಮಗ್ಗಗಳು ಓಡುತ್ತಲೇ ಇದ್ದವು. ಬೆಳಗಿನ ಜಾವದವರೆಗೆ ನಾನು ಹೇಳಿದೆ, ಅವನು ಕೇಳಿದ.