ಬಂಗಲೆಯ ಹಿಂದಿನ ತೋಟ ನೋಡಿದಿರಾ?

ಕೊಡಗಿಗೆ ಹೋಗಿ ಬಂದವರನ್ನು ‘ಏನೇನು ನೋಡಿದ್ರಿ?’ ಅಂತ ಕೇಳಿ. ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಅಂತ ಒಂದೇ ಉಸಿರಿಗೆ ಹೇಳ್ತಾರೆ. ಉಳಿದುಕೊಂಡಿದ್ದ ಎಸ್ಟೇಟ್ ಬಂಗಲೆಯ ಹಿಂದೆ ಏನಿತ್ತು ಅಂದರೆ ಉತ್ತರವಿಲ್ಲ. ಮೊದಲ ಸಲ ನನ್ನದೂ ಅದೇ ಕಥೆ. ಬೆಳಗ್ಗೆ ಆರಕ್ಕೆ ಎದ್ದು ಮಕ್ಕಳನ್ನು ಹೊರಡಿಸಿ, ಒದ್ದೆ ಬಟ್ಟೆ ಹರವಿ ಕಾರು ಹತ್ತೋದು, ರಾತ್ರಿ ಬಂದು ಬಿದ್ದುಕೊಳ್ಳೋದು. ಮನೆಗೆಲಸವೇ ಊರು ಬದಲಿಸಿತ್ತು, ಅಷ್ಟೇ!

ಎರಡನೇ ಸಲ ಧೈರ್ಯ ಮಾಡಿ, ‘ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂದುಬಿಟ್ಟೆ. ಮನೆಯವರ ಹುಬ್ಬು ಮೇಲೇರಿತು. ಆದರೂ ಬಿಟ್ಟು ಹೋದರು.

ಹಳೆಯ ಬಂಗಲೆಗಳ ಮುಂದೆ ಹುಲ್ಲುಹಾಸು, ಗುಲಾಬಿ, ಹೈಡ್ರೇಂಜಿಯಾ ಇದ್ದೇ ಇರುತ್ತವೆ. ಅಲ್ಲೇ ಫೋಟೋ ತೆಗೆದುಕೊಂಡು ನಿಂತುಬಿಡಬೇಡಿ. ಬೇಲಿಯಂಚಿನ ಕೆಂಪು ಕೇಪಳದ ಎಲೆ ನೋಡಿ, ಆಮೇಲೆ ಕಾಫಿ ಗಿಡದ ಎಲೆ ನೋಡಿ. ಎರಡರಲ್ಲೂ ಎಲೆಗಳು ಎದುರುಬದುರು ಜೋಡಿಯಾಗಿವೆ. ಹೌದು, ಎರಡೂ ಒಂದೇ ಕುಟುಂಬದ ಗಿಡಗಳು!

ಇನ್ನು ತೋಟ. ತೋಟ ಅನ್ನೋದಕ್ಕಿಂತ ಕಾಡು ಅನ್ನಬೇಕು. ಇಲ್ಲಿನ ಕಾಫಿಗೆ ನೆರಳು ಬೇಕು. ಅದಕ್ಕೇ ಹಲಸು, ಅತ್ತಿ, ಬೀಟೆ ಮರಗಳನ್ನು ಉಳಿಸಿಕೊಂಡಿದ್ದಾರೆ. ನೆಟ್ಟಗೆ ನಿಂತ ಸಿಲ್ವರ್ ಓಕ್ ಮಾತ್ರ ಆಸ್ಟ್ರೇಲಿಯಾದಿಂದ ಬಂದದ್ದು. ಮರಕ್ಕೆ ಹಬ್ಬಿದ್ದು ಕಾಳುಮೆಣಸು. ತಲೆಯೆತ್ತಿದರೆ ಅದೃಷ್ಟವಿದ್ದವರಿಗೆ ಕೆಂಜಳಿಲು ಕಂಡೀತು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಹೂವರಳುತ್ತದೆ. ಮಲ್ಲಿಗೆಯಂಥ ಘಮ. ಎರಡು-ಮೂರು ದಿನವಷ್ಟೇ ಅದರ ಸಂಭ್ರಮ. ಅರೇಬಿಕಾ ಕೆಂಪು ಹಣ್ಣು ನೋಡಬೇಕೆಂದರೆ ನವೆಂಬರ್‌ನಿಂದ ಜನವರಿಯೊಳಗೆ ಹೋಗಿ.

ಹೊರಡುವ ಮುನ್ನ ಇಷ್ಟು ನೆನಪಿರಲಿ:

* ಒಬ್ಬರೇ ತೋಟಕ್ಕೆ ಇಳಿಯಬೇಡಿ. ಕೊಡಗಿನ ತೋಟಗಳಿಗೆ ಕಾಡಾನೆ ಬರುತ್ತದೆ, ಹಲಸು ಹಣ್ಣಾಗುವ ಕಾಲದಲ್ಲಂತೂ ಹೆಚ್ಚು. ತೋಟದವರನ್ನು ಕೇಳಿ, ಅವರ ಜೊತೆಯಲ್ಲೇ ಹೋಗಿ. ನಸುಕಿನಲ್ಲಿ, ಕತ್ತಲಾದ ಮೇಲೆ ಬೇಡವೇ ಬೇಡ.

* ಚಪ್ಪಲಿ ಬಿಟ್ಟು ಶೂ ಹಾಕಿ. ಮಳೆಗಾಲದಲ್ಲಿ ಉದ್ದ ಸಾಕ್ಸ್ ಇರಲಿ. ಜಿಗಣೆ ಹತ್ತಿದರೆ ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಸರಿಸಿ, ಸೋಪು ನೀರಿನಲ್ಲಿ ತೊಳೆಯಿರಿ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

* ಹಣ್ಣು, ಹೂವು ಕೀಳಬೇಡಿ. ಅದು ಬೆಳೆಗಾರರ ವರ್ಷದ ಅನ್ನ.

* ಗೊತ್ತಿಲ್ಲದ ಕಾಯಿ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಅವತ್ತು ತೋಟದ ಕೆಲಸದ ಹೆಂಗಸೊಬ್ಬಳು ನನ್ನ ಜೊತೆ ಬಂದಿದ್ದಳು. ಒಂದೂವರೆ ಗಂಟೆ ಸುತ್ತಿ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು, ಅಷ್ಟು ಹೊತ್ತು ಯಾರೂ ‘ಅಮ್ಮಾ’ ಅಂತ ಕರೆದಿರಲಿಲ್ಲ! ಸಂಜೆ ಅವರೆಲ್ಲ ಸುಸ್ತಾಗಿ ಬಂದರು. ನಾನು ಮಾತ್ರ ನಗುತ್ತಾ ಕೂತಿದ್ದೆ. ಮಾರನೇ ದಿನ ಮಗಳು ತಾನೇ ಕೇಳಿದಳು, ‘ನನಗೂ ತೋರಿಸ್ತೀಯಾ?’

ಮುಂದಿನ ಸಲ ರೂಮು ಬುಕ್ ಮಾಡುವಾಗಲೇ ಮನೆಯಲ್ಲಿ ಹೇಳಿಬಿಡಿ, ಒಂದು ಬೆಳಗು ನನ್ನದು ಅಂತ. ಅಷ್ಟು ಬಾಡಿಗೆ ಕೊಡುವುದು ಬರೀ ಹಾಸಿಗೆಗಲ್ಲವಲ್ಲ!