ಹುಟ್ಟಿದ ಕಾಲೋ, ಕಲಿಸಿದ ಗುರುವೋ?

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಅಭ್ಯಾಸದಿಂದ ಸಾಧಿಸಲಾಗದುದು ಯಾವುದೂ ಇಲ್ಲವೆಂಬ ಮಾತನ್ನೂ ಕೇಳದವರಿಲ್ಲ. ಒಂದೇ ಮನೆಯಲ್ಲಿ ಒಂದೇ ದಿನ ಈ ಎರಡು ಮಾತುಗಳನ್ನೂ ಆಡುವವರುಂಟು. ತಮ್ಮ ಮಗನು ಗೆದ್ದರೆ ಅದು ಹುಟ್ಟುಗುಣ. ನೆರೆಮನೆಯ ಹುಡುಗನು ಗೆದ್ದರೆ ಅದು ದುಡ್ಡು ಕೊಟ್ಟು ಕಲಿಸಿದ ವಿದ್ಯೆ.

ಈಚೆಗೆ ನಮ್ಮ ಜಯನಗರದ ಉದ್ಯಾನವೊಂದರಲ್ಲಿ ಬೆಳಗಿನ ಹೊತ್ತು ಇಬ್ಬರು ಗೃಹಸ್ಥರು ಇದೇ ವಿಷಯವಾಗಿ ವಾದಿಸುತ್ತಿದ್ದರು. ಇಬ್ಬರ ಮಕ್ಕಳೂ ಪ್ರೌಢಶಾಲೆಯಲ್ಲಿ ಓದುವವರು. ಇಬ್ಬರೂ 1500 ಮೀಟರ್ ಓಟದಲ್ಲಿ ಆಸಕ್ತರು. “ನಮ್ಮ ವಂಶದಲ್ಲಿಯೇ ಓಡಿದವರಿಲ್ಲ, ಇವನಿಗೆ ಕೋಚನ್ನು ಇಟ್ಟು ಹಣ ಸುರಿದು ಪ್ರಯೋಜನವೇನು?” ಎಂದು ಒಬ್ಬರು. “ಕೋಚಿಲ್ಲದೆ ಈ ಕಾಲದಲ್ಲಿ ಏನೂ ಆಗದು” ಎಂದು ಇನ್ನೊಬ್ಬರು. ಕಡೆಗೆ, “ಮೇಷ್ಟ್ರೇ, ನೀವು ಮೂವತ್ತು ವರ್ಷ ಮಕ್ಕಳನ್ನು ನೋಡಿದವರು, ನೀವೇ ಹೇಳಿ” ಎಂದು ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಅಂದು ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ನಾನು ಸಂಸ್ಕೃತವನ್ನು ಓದಿದವನಾದುದರಿಂದ ಮೊದಲು ನೆನಪಿಗೆ ಬಂದುದು ಆಲಂಕಾರಿಕರ ಚರ್ಚೆ. ಕವಿಯು ಹುಟ್ಟುತ್ತಾನೆಯೋ, ಆಗುತ್ತಾನೆಯೋ ಎಂಬುದು ನಮ್ಮ ಹಿರಿಯರಿಗೆ ಶತಮಾನಗಳ ಪ್ರಶ್ನೆಯಾಗಿದ್ದಿತು. ಹುಟ್ಟಿನ ಪ್ರತಿಭೆಯಿಲ್ಲದವನೂ ಓದಿನಿಂದಲೂ ಪ್ರಯತ್ನದಿಂದಲೂ ವಾಗ್ದೇವಿಯ ಅಲ್ಪಸ್ವಲ್ಪ ಅನುಗ್ರಹವನ್ನಾದರೂ ಪಡೆಯಬಲ್ಲನೆಂದು ದಂಡಿಯು ಧೈರ್ಯ ಹೇಳಿದನು. ಕಾವ್ಯಪ್ರಕಾಶದಲ್ಲಿ ಮಮ್ಮಟನು ಶಕ್ತಿ, ನಿಪುಣತೆ, ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ ಎಂದು ಮೂರನ್ನು ಹೇಳಿ, ಈ ಮೂರೂ ಸೇರಿ ಕಾವ್ಯಕ್ಕೆ ‘ಹೇತು’ ಎಂದು ಏಕವಚನದಲ್ಲಿ ಹೇಳಿದನು, ‘ಹೇತುಗಳು’ ಎನ್ನಲಿಲ್ಲ. ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿದ ಒಂದೇ ಕಾರಣವೆಂಬುದು ಅದರ ತಾತ್ಪರ್ಯ. ತರಗತಿಯಲ್ಲಿ ಈ ಏಕವಚನದ ಸ್ವಾರಸ್ಯವನ್ನು ನಾನು ಎಷ್ಟೋ ಸಲ ವಿವರಿಸಿದ್ದೆನು. ಆಟದ ಬಯಲಿನಲ್ಲಿ ಅದನ್ನು ಮರೆತಿದ್ದೆನೆಂಬುದನ್ನು ಮುಂದೆ ಹೇಳುವೆನು.

ಓಟದ ವಿಷಯಕ್ಕೆ ಬರೋಣ. ನಮ್ಮ ನಾಡಿನವನೇ ಆದ ಒಬ್ಬ ಓಟಗಾರನ ಕಥೆಯನ್ನು ಮನೆಮನೆಯ ಮಕ್ಕಳೂ ತಿಳಿದಿರಬೇಕು. ಪುಣೆಯ ಡೆಕ್ಕನ್ ಜಿಮಖಾನದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ಅಲ್ಲಿಯ ಕ್ರೀಡೋತ್ಸವದಲ್ಲಿ ಒಕ್ಕಲು ಮಕ್ಕಳು ಬರಿಗಾಲಿನಲ್ಲಿ ದೂರದ ಓಟಗಳನ್ನು ಓಡುವುದನ್ನು ಕಂಡರು. ಕ್ರಮವಾದ ಶಿಕ್ಷಣವೆಂಬುದನ್ನೇ ಅರಿಯದ ಆ ತರುಣರ ವೇಗವು ಯೂರೋಪಿನವರ ವೇಗಕ್ಕೆ ಬಹಳವೇನೂ ಕಡಮೆಯಾಗಿರಲಿಲ್ಲ. ಇದರಿಂದ ಪ್ರೇರಿತರಾಗಿ ಅವರು 1920ನೆಯ ವರ್ಷದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ನಮ್ಮವರ ತಂಡವೊಂದನ್ನು ಕಳುಹಿಸಲು ನೆರವಾದರು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬವನಿದ್ದನು. 42 ಕಿಲೋಮೀಟರಿಗೂ ಮಿಕ್ಕ ಆ ಮ್ಯಾರಥಾನ್ ಓಟವನ್ನು ಅವನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವನಾದನು.

ಆ ದಿನ ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. ಅವನ ಕಾಲ 2 ಗಂಟೆ 32 ನಿಮಿಷ 35 ಸೆಕೆಂಡು. ನಡುವಣ ಅಂತರ ಸುಮಾರು ಹದಿನೆಂಟು ನಿಮಿಷ. ಈ ಹದಿನೆಂಟು ನಿಮಿಷಗಳಲ್ಲಿ ಹುಟ್ಟಿನ ಪಾಲೆಷ್ಟು, ಶಿಕ್ಷಣದ ಪಾಲೆಷ್ಟು? ಕೊಲೆಹ್ಮೈನೆನ್ನನ ಅಣ್ಣಂದಿರಿಬ್ಬರೂ ಹೆಸರಾಂತ ಓಟಗಾರರೇ. ಹಾಗಾದರೆ ಅದು ರಕ್ತದ ಗುಣವೆನ್ನೋಣವೆ? ಓಟವೇ ನಿತ್ಯದ ಮಾತಾಗಿದ್ದ ಮನೆಯಲ್ಲಿ ಬೆಳೆದ ತಮ್ಮನಿಗೆ ಅಣ್ಣಂದಿರೇ ಗುರುಗಳಾಗಿದ್ದಿರಬಾರದೇಕೆ? ಮನೆತನದಿಂದ ಬಂದುದೆಲ್ಲವೂ ರಕ್ತದಿಂದಲೇ ಬಂದುದಲ್ಲ. ಅನ್ನದ ಜೊತೆಗೆ ಅಭ್ಯಾಸವನ್ನೂ ಮನೆಯೇ ಬಡಿಸುತ್ತದೆ.

ಆಧುನಿಕ ಶಾಸ್ತ್ರವು ಏನೆನ್ನುತ್ತದೆಯೆಂದು ನೋಡೋಣ. ದೂರದ ಓಟಕ್ಕೆ ಮುಖ್ಯವಾದುದು, ಉಸಿರಿನಿಂದ ಪಡೆದ ಆಮ್ಲಜನಕವನ್ನು ದೇಹವು ಒಂದು ನಿಮಿಷದಲ್ಲಿ ಎಷ್ಟರ ಮಟ್ಟಿಗೆ ಬಳಸಬಲ್ಲುದೆಂಬುದು. ಅಮೆರಿಕ ಮತ್ತು ಕೆನಡ ದೇಶಗಳ ವಿದ್ವಾಂಸರು ವ್ಯಾಯಾಮದ ರೂಢಿಯಿಲ್ಲದ 98 ಕುಟುಂಬಗಳ 481 ಜನರಿಗೆ 20 ವಾರಗಳ ಕಾಲ ಒಂದೇ ಬಗೆಯ ಶಿಕ್ಷಣವನ್ನು ಕೊಟ್ಟು, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲವರಲ್ಲಿ ಈ ಶಕ್ತಿಯು ನಿಮಿಷಕ್ಕೆ ಒಂದು ಲೀಟರಿಗಿಂತಲೂ ಹೆಚ್ಚು ಬೆಳೆಯಿತು. ಕೆಲವರಲ್ಲಿ ಬೆಳವಣಿಗೆಯೇ ಇಲ್ಲವೆನ್ನುವಂತಿದ್ದಿತು. ಒಂದು ಕುಟುಂಬದವರು ಬಹುಮಟ್ಟಿಗೆ ಒಂದೇ ರೀತಿ ಫಲ ಪಡೆದರು. ಈ ವ್ಯತ್ಯಾಸದಲ್ಲಿ ಹೆಚ್ಚೆಂದರೆ ನೂರಕ್ಕೆ 47 ಪಾಲು ಆನುವಂಶಿಕವಾಗಿರಬಹುದೆಂದು ಅವರು ಲೆಕ್ಕ ಹಾಕಿದರು.

ಇದರಲ್ಲಿ ಗೃಹಸ್ಥರು ಗಮನಿಸತಕ್ಕ ಸೂಕ್ಷ್ಮವೊಂದಿದೆ. ಹುಟ್ಟಿನಿಂದ ಬರುವುದು ಓಡುವ ಶಕ್ತಿ ಮಾತ್ರವಲ್ಲ. ಶಿಕ್ಷಣದಿಂದ ಬೆಳೆಯುವ ಶಕ್ತಿಯೂ ಹುಟ್ಟಿನಿಂದಲೇ ಬರುತ್ತದೆ. ಆದರೆ ಈ ಎರಡನೆಯದು ಶಿಕ್ಷಣವನ್ನು ಕೊಟ್ಟು ನೋಡುವವರೆಗೆ ಯಾರ ಕಣ್ಣಿಗೂ ಕಾಣದು. ನೀರೆರೆಯದೆ ಬೀಜದ ಗುಣವನ್ನು ನಿರ್ಣಯಿಸುವ ರೈತನಿಲ್ಲ. ಆದುದರಿಂದ ‘ಇವನಲ್ಲಿ ಹುಟ್ಟುಗುಣವಿಲ್ಲ, ಶಿಕ್ಷಣವೇಕೆ?’ ಎಂಬ ಪ್ರಶ್ನೆಯೇ ತಲೆಕೆಳಗಾದುದು.

ಇನ್ನೊಂದು ಭ್ರಮೆಯೂ ಉಂಟು. ಹದಿಮೂರನೆಯ ವಯಸ್ಸಿನಲ್ಲಿ ಕೆಲವು ಹುಡುಗರಿಗೆ ಮೀಸೆ ಚಿಗುರಿರುತ್ತದೆ, ಕೆಲವರು ಇನ್ನೂ ಎಳೆಮಕ್ಕಳಂತಿರುತ್ತಾರೆ. ಬೇಗ ಬೆಳೆದವನು ಗೆಲ್ಲುವುದು ಸಹಜ. ಅದನ್ನು ಪ್ರತಿಭೆಯೆಂದು ಕೊಂಡಾಡಿ, ನಿಧಾನವಾಗಿ ಬೆಳೆಯುವವನನ್ನು ಬದಿಗೆ ಸರಿಸಿದರೆ, ನಾವು ಪರೀಕ್ಷಿಸಿದುದು ಪ್ರತಿಭೆಯನ್ನಲ್ಲ, ಮೈಬೆಳವಣಿಗೆಯ ಪಂಚಾಂಗವನ್ನು.

ಹಾಗಾದರೆ ಗುರುವಿನಿಂದಲೇ ಎಲ್ಲವೂ ಆಗುವುದೋ? ಕೀನ್ಯ ದೇಶದ ಇಟೆನ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕೋಲ್ಮ್ ಓ’ಕಾನೆಲ್ ಎಂಬ ಭೂಗೋಳದ ಉಪಾಧ್ಯಾಯರು ಬಂದರು. ಓಟದ ಶಿಕ್ಷಣದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ಮಕ್ಕಳು ಓಡುವುದನ್ನು ನೋಡಿ ನೋಡಿಯೇ ಕಲಿತರು. ಆ ಶಾಲೆಯ ಪೀಟರ್ ರೋನೋ 1988ರಲ್ಲಿ 1500 ಮೀಟರ್ ಓಟದ ಒಲಿಂಪಿಕ್ ಸ್ವರ್ಣವನ್ನು ಪಡೆದನು. ಅವರದೇ ಶಿಷ್ಯನಾದ ಡೇವಿಡ್ ರುಡಿಷಾ 2012ರಲ್ಲಿ ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಆ ಎತ್ತರದ ನೆಲದ ಮಕ್ಕಳು ಗುರುವಿಲ್ಲದೆಯೂ ಓಡಿಯಾರು ಎನ್ನಬಹುದು. ಆದರೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಒವೈರಾಕ ಎಂಬ ಬಡಾವಣೆಯು ಎತ್ತರದ್ದೂ ಅಲ್ಲ, ಓಟಕ್ಕೆ ಹೆಸರಾದುದೂ ಅಲ್ಲ. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಚಮ್ಮಾರ ವೃತ್ತಿಯವನು ತನ್ನ ಪದ್ಧತಿಯನ್ನು ಮೊದಲು ತನ್ನ ದೇಹದ ಮೇಲೆಯೇ ಪ್ರಯೋಗಿಸಿ, ಬಳಿಕ ತನ್ನ ಸುತ್ತಮುತ್ತಲಿನ ತರುಣರಿಗೆ ಕಲಿಸಿದನು. 1960ರ ಸೆಪ್ಟೆಂಬರ್ 2ರಂದು ರೋಮಿನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರೆ ಹಾಲ್ಬರ್ಗ್ ಒಂದೇ ದಿನ ಎರಡು ಸ್ವರ್ಣಪದಕಗಳನ್ನು ಗೆದ್ದರು.

ಇದರಿಂದ, ಗುರುವು ಪ್ರತಿಭೆಯನ್ನು ಸೃಷ್ಟಿಸಬಲ್ಲನೆಂದು ನಾನು ಹೇಳುವುದಿಲ್ಲ. ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಇರುವ ಪ್ರತಿಭೆಯು ಗುರುವಿಲ್ಲದೆ ಎಷ್ಟು ಸಲ ಕಾಣದೆಯೇ ಹೋಗಿರಬಹುದೆಂದು ಮಾತ್ರ ಕೇಳುತ್ತೇನೆ. ಹಾಗೆ ಕಾಣದೆ ಹೋದುದೊಂದಕ್ಕೆ ನಾನೇ ಕಾರಣನು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನಿದ್ದ ಶಾಲೆಯಲ್ಲಿ ವ್ಯಾಯಾಮದ ಮೇಷ್ಟರ ಸ್ಥಾನವು ಖಾಲಿಯಾಗಿದ್ದಿತು. ಸಂಸ್ಕೃತದ ಮೇಷ್ಟರಿಗೆ ಪಾಠ ಕಡಮೆಯೆಂದು ಆ ಹೊರೆಯೂ ನನಗೇ ಬಂದಿತು. ಎಂಟನೆಯ ತರಗತಿಗೆ ಸಾರಕ್ಕಿಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನು ಆ ವರ್ಷವೇ ಹತ್ತನೆಯ ತರಗತಿಯವರನ್ನೆಲ್ಲ ಹಿಂದೆ ಹಾಕಿ ಬರಿಗಾಲಿನಲ್ಲಿ 1500 ಮೀಟರ್ ಗೆದ್ದನು. “ನಿನಗೇತಕ್ಕೆ ಅಭ್ಯಾಸ? ನೀನು ಹುಟ್ಟು ಓಟಗಾರ” ಎಂದು ಬೆನ್ನು ತಟ್ಟಿದೆನು. ಅದೇ ನಾನು ಅವನಿಗೆ ಕೊಟ್ಟ ಶಿಕ್ಷಣ. ಶಾಲೆಗೆ ಪಾರಿತೋಷಕ ಬರಬೇಕೆಂದು ಒಂದೇ ದಿನ ಅವನನ್ನು 800, 1500, 3000 ಮೀಟರ್‌ಗಳಲ್ಲಿಯೂ ರಿಲೇಯಲ್ಲಿಯೂ ಓಡಿಸಿದೆನು. ಹತ್ತನೆಯ ತರಗತಿಯಲ್ಲಿ ಅವನು ಮೊಣಕಾಲಿನ ಕೆಳಗೆ ಎಲುಬು ನೋಯುತ್ತದೆಂದನು. ಓಡಲು ಸೋಮಾರಿತನವೆಂದು ಎಲ್ಲರ ಮುಂದೆ ನಾನು ಹಂಗಿಸಿದೆನು. ಅವನು ಎದುರು ಮಾತನಾಡಲಿಲ್ಲ; ಮರುದಿನದಿಂದ ಮೈದಾನಕ್ಕೆ ಬರಲಿಲ್ಲ.

ಅದೇ ತರಗತಿಯಲ್ಲಿ ಬಡಕಲು ಹುಡುಗನೊಬ್ಬನಿದ್ದನು. ಎಂಟನೆಯ ತರಗತಿಯಲ್ಲಿ ಅವನು ಕಡೆಯಿಂದ ಎರಡನೆಯವನು. ಅವನ ಸೋದರಮಾವನು ಹಿಂದೆ ಸೈನ್ಯದಲ್ಲಿದ್ದವನು. ಮುಂಜಾನೆ ಅವನನ್ನು ಲಾಲ್‌ಬಾಗಿಗೆ ಕರೆದೊಯ್ದು, ಮಾತನಾಡುತ್ತ ಓಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಿಸುತ್ತಿದ್ದನು. ವಾರಕ್ಕೊಂದು ದಿನ ಮಾತ್ರ ವೇಗ, ಒಂದು ದಿನ ಪೂರ್ತಿ ವಿಶ್ರಾಂತಿ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಹತ್ತನೆಯ ತರಗತಿಯಲ್ಲಿ ಆ ಹುಡುಗನು ತಾಲ್ಲೂಕಿಗೆ ಎರಡನೆಯವನಾದನು. ಮೊದಲನೆಯ ಹುಡುಗನಷ್ಟು ವೇಗ ಅವನಿಗೆ ಎಂದೂ ಬರಲಿಲ್ಲವೆಂಬುದೂ ಸತ್ಯ.

ಕೆಲವು ವರ್ಷಗಳ ಹಿಂದೆ ಆ ಮೊದಲನೆಯವನು ಜಯನಗರದ ಮಾರುಕಟ್ಟೆಯ ಬಳಿ ಸಿಕ್ಕಿ, ನನ್ನ ಕೈಯಲ್ಲಿದ್ದ ಚೀಲವನ್ನು ತಾನೇ ತೆಗೆದುಕೊಂಡು ಬಸ್ಸಿನವರೆಗೂ ಬಂದನು. ಓಟದ ಮಾತನ್ನು ನಾನೇ ಎತ್ತಿದೆನು. “ಬಿಡಿ ಮೇಷ್ಟ್ರೇ, ಆವತ್ತು ನೋವು ನಿಜವಾಗಿಯೇ ಇತ್ತು” ಎಂದಷ್ಟೇ ಹೇಳಿ ನಕ್ಕನು. ಆ ನಗೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಲಿಸುವುದೆಂದರೆ ಓಡಿಸುವುದು ಮಾತ್ರವಲ್ಲ, ಯಾವಾಗ ಓಡಿಸಬಾರದೆಂದು ಅರಿಯುವುದೂ ಹೌದೆಂಬುದನ್ನು ನಾನು ಅವನಿಂದ ಕಲಿತೆನು. ನಮ್ಮ ಗರಡಿಯ ಉಸ್ತಾದರು ಹೊಸ ಹುಡುಗನನ್ನು ಮೊದಲ ದಿನವೇ ಕುಸ್ತಿಗೆ ಬಿಡುವುದಿಲ್ಲ. ಓಟದಲ್ಲಿಯೂ ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಹದಗೊಳ್ಳುತ್ತವೆ; ಎಲುಬು ಮತ್ತು ಸ್ನಾಯುಬಂಧಗಳಿಗೆ ತಿಂಗಳುಗಳೇ ಬೇಕು. ಉಸಿರು ಕಟ್ಟುವುದಿಲ್ಲವೆಂದು ದೂರವನ್ನು ಒಮ್ಮೆಗೇ ಹೆಚ್ಚಿಸಿದರೆ ಎಲುಬು ಸೋಲುತ್ತದೆ.

ಆದುದರಿಂದ ತಾಯಿತಂದೆಗಳಿಗೆ ನನ್ನ ಬಿನ್ನಹವಿಷ್ಟು. ಕೋಚನ್ನು ಗೊತ್ತುಮಾಡುವ ಮುನ್ನ ಅವರ ಶಿಷ್ಯರ ಪದಕಗಳನ್ನು ಎಣಿಸಬೇಡಿ. ನೋವೆಂದ ಮಗುವಿಗೆ ಅವರು ಏನು ಹೇಳುತ್ತಾರೆಂದು ಕೇಳಿ. ಪ್ರತಿ ಮಗುವಿನ ಓಟವನ್ನೂ ಬರೆದಿಡುತ್ತಾರೆಯೇ ನೋಡಿ. ಒಂದೇ ಜಾಗದ ನೋವು ಬಿಡದೆ ಉಳಿದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹೆಣ್ಣುಮಕ್ಕಳಲ್ಲಿ ಆಯಾಸವು ಕಳೆಯದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶವು ಕಡಮೆಯಾಗಿರಬಹುದು. ತಿಂಗಳ ಮುಟ್ಟು ನಿಂತರೆ ಊಟವು ಓಟಕ್ಕೆ ಸಾಲುತ್ತಿಲ್ಲವೆಂಬ ಎಚ್ಚರಿಕೆಯಿರಬಹುದು. ಇವುಗಳನ್ನು ಸಂಕೋಚದಿಂದ ಮುಚ್ಚಿಡಬಾರದು. ಹಣವನ್ನು ಕೊಡಲಾರದವರು ನಿರಾಶರಾಗಬೇಕಾಗಿಯೂ ಇಲ್ಲ. ಆ ಸೋದರಮಾವನ ಬಳಿಯಿದ್ದುದು ಒಂದು ಗಡಿಯಾರ, ಒಂದು ಪುಸ್ತಕ, ಬಹಳಷ್ಟು ತಾಳ್ಮೆ.

ಉದ್ಯಾನದ ಆ ಇಬ್ಬರು ಮಿತ್ರರಿಗೆ ಈಗ ಉತ್ತರವನ್ನು ಹೇಳಬಲ್ಲೆನು. ಎಲ್ಲಿಯವರೆಗೆ ಹೋಗಬಹುದೆಂಬ ಎಲ್ಲೆಯನ್ನು ಹುಟ್ಟು ಹಾಕಿರಬಹುದು. ಆ ಎಲ್ಲೆಯು ಎಲ್ಲಿದೆಯೆಂಬುದು ಒಳ್ಳೆಯ ಗುರುವಿನ ಜೊತೆ ನಡೆದು ನೋಡಿದವನಿಗೆ ಮಾತ್ರ ತಿಳಿಯುವುದು. ಮಮ್ಮಟನ ಏಕವಚನವೇ ಸರಿ. ಬಡಕಲು ಹುಡುಗನು ತನ್ನ ಎಲ್ಲೆಯನ್ನು ಮುಟ್ಟಿ ಸಂತೋಷದಿಂದ ಹಿಂದಿರುಗಿದನು. ಸಾರಕ್ಕಿಯ ಹುಡುಗನ ಎಲ್ಲೆಯು ಎಲ್ಲಿದ್ದಿತೋ, ಅದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.